ಕನ್ನಡಕ ಜೋಪಾನ, ಕನ್ನಡಕದ ಮಗು ಇನ್ನೂ ಜೋಪಾನ

ಪರೀಕ್ಷೆ ಮುಗಿದು ಬೇಸಿಗೆ ರಜೆ ಬಂತೆಂದರೆ ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಮಕ್ಕಳ ಹಟ ಶುರುವಾಗುತ್ತದೆ. ಒಬ್ಬರಿಗೆ ಬಿಡದಿಯ ವಂಡರ್‌ಲಾ ಬೇಕು, ಇನ್ನೊಬ್ಬರಿಗೆ ಮೈಸೂರಿನ ಜಿ.ಆರ್.ಎಸ್. ಪಾರ್ಕ್ ಬೇಕು. ಅಷ್ಟು ದೂರ ಆಗದಿದ್ದರೆ ದಾಂಡೇಲಿ, ಅದೂ ಆಗದಿದ್ದರೆ ಊರಿನ ಮೈದಾನಕ್ಕೆ ಬಂದ ಎಕ್ಸಿಬಿಷನ್ನಿನ ಜೈಂಟ್ ವೀಲ್. ತಾಯಂದಿರು ಬುತ್ತಿ ಕಟ್ಟುತ್ತಾರೆ, ಬಟ್ಟೆ ಜೋಡಿಸುತ್ತಾರೆ, ಬಸ್ಸಿನಲ್ಲಿ ವಾಂತಿಯಾಗದಂತೆ ಮಾತ್ರೆ ಇಟ್ಟುಕೊಳ್ಳುತ್ತಾರೆ. ಮಗುವಿನ ಮೂಗಿನ ಮೇಲಿರುವ ಕನ್ನಡಕ ಮಾತ್ರ ನೆನಪಾಗುವುದು ಅದು ನೀರಿಗೆ ಬಿದ್ದ ಮೇಲೆಯೇ.

ಸಹೋದರಿಯರೇ, ನಿಮ್ಮ ಮನೆಯಲ್ಲೂ ಕನ್ನಡಕ ಹಾಕುವ ಮಗು ಇದ್ದರೆ, ಅಥವಾ ನೀವೇ ಕನ್ನಡಕ ಹಾಕುವವರಾಗಿದ್ದರೆ, ಹೊರಡುವ ಮೊದಲು ಈ ಕೆಲವು ಮಾತುಗಳನ್ನು ಗಮನಿಸಿ.

ಕನ್ನಡಕ ಹಾರುವುದೇಕೆ?

ಕನ್ನಡಕವನ್ನು ಹಿಡಿದಿಡುವುದು ಒಂದು ಮೂಗು, ಎರಡು ಕಿವಿ ಅಷ್ಟೇ. ನಡೆಯುವಾಗ, ಓದುವಾಗ ಅಷ್ಟು ಸಾಕು. ಆದರೆ ಜಾರುಬಂಡೆಯಿಂದ ರಭಸವಾಗಿ ಕೊಳಕ್ಕೆ ಬಿದ್ದಾಗ ದೇಹ ಒಮ್ಮೆಲೇ ನಿಲ್ಲುತ್ತದೆ, ನೀರು ಕೆಳಗಿನಿಂದ ಮುಖಕ್ಕೆ ಬಡಿಯುತ್ತದೆ. ಒದ್ದೆಯಾದ ಮೂಗು ಜಾರುತ್ತದೆ. ರೋಲರ್ ಕೋಸ್ಟರ್ ತಲೆಕೆಳಗಾಗಿ ತಿರುಗುವಾಗ ಗಾಳಿಯ ಹೊಡೆತವೂ ಸೇರುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗ ಎಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಆ ವೇಗದಲ್ಲಿ ಕಳಚಿದ ಕನ್ನಡಕ ಹಿಂದೆ ಕುಳಿತವರ ಕಣ್ಣಿಗೇ ಬಡಿಯಬಹುದು. ಪಾರ್ಕಿನ ಸಿಬ್ಬಂದಿ "ಕನ್ನಡಕ ತೆಗೆಯಿರಿ" ಎಂದರೆ ಅದು ಕಿರಿಕಿರಿಯಲ್ಲ, ಇತರರ ಸುರಕ್ಷತೆಯೂ ಅದರಲ್ಲಿದೆ.

ಯಾವುದಕ್ಕೆ ಹಾಕಬೇಕು, ಯಾವುದಕ್ಕೆ ತೆಗೆಯಬೇಕು?

ಪುಟಾಣಿ ರೈಲು, ಮೆಲ್ಲಗೆ ತಿರುಗುವ ಕುದುರೆ, ಜೈಂಟ್ ವೀಲ್ ಇವುಗಳಲ್ಲಿ ಕನ್ನಡಕ ಹಾಕಿಯೇ ಕೂರಬಹುದು. ಹಿಂದೆ ತಲೆಗೆ ಬಿಗಿಯಾಗಿ ಕೂರುವ ಎಲಾಸ್ಟಿಕ್ ಪಟ್ಟಿ ಇದ್ದರೆ ಒಳ್ಳೆಯದು. ಕೊರಳಿಗೆ ನೇತುಹಾಕುವ ಸಡಿಲ ದಾರ ಬೇಡ, ಅದು ಎಲ್ಲಿಗಾದರೂ ಸಿಕ್ಕಿಕೊಳ್ಳಬಹುದು. ವೇಗದ, ತಲೆಕೆಳಗಾಗುವ ಆಟಗಳಿಗೂ ನೀರಿನ ಜಾರುಬಂಡೆಗಳಿಗೂ ತೆಗೆದಿಡುವುದೇ ಸರಿ. ಪಟ್ಟಿ ಇದ್ದರೂ ಅಲ್ಲಿಯ ನಿಯಮದಂತೆ ನಡೆಯಿರಿ.

ಅಂಗಿಯ ಜೇಬು, ತಲೆಯ ಮೇಲೆ, ಕೈಯಲ್ಲಿ ಹಿಡಿದುಕೊಳ್ಳುವುದು ಇವು ಮೂರೂ ಬೇಡ. ಗಟ್ಟಿ ಡಬ್ಬಿಯಲ್ಲಿಟ್ಟು ಲಾಕರಿನಲ್ಲಿಡಿ, ಇಲ್ಲವೇ ಆಟಕ್ಕೆ ಇಳಿಯದ ಒಬ್ಬ ಹಿರಿಯರ ಕೈಗೆ ಕೊಡಿ. ಎಲ್ಲರ ಕನ್ನಡಕವೂ ಒಬ್ಬರ ಬಳಿಯೇ ಇರಲಿ. "ನಾನು ನಿನಗೆ ಕೊಟ್ಟಿದ್ದೆ, ನೀನು ಅವಳಿಗೆ ಕೊಟ್ಟಿದ್ದೆ" ಎಂಬ ಜಗಳಕ್ಕೆ ಅವಕಾಶವಿರುವುದಿಲ್ಲ. ನಿಮ್ಮ ಕೈಗೆ ಬಂದ ಕನ್ನಡಕ ಒಂದು ಅಮಾನತ್.

ಸ್ಕಾರ್ಫ್ ಧರಿಸುವವರಿಗೆ ಒಂದು ಅನುಕೂಲವಿದೆ. ಕನ್ನಡಕದ ಕಡ್ಡಿಗಳು ಸ್ಕಾರ್ಫಿನ ಒಳಗಿದ್ದರೆ ಸುಲಭವಾಗಿ ಜಾರುವುದಿಲ್ಲ. ಆದರೆ ಅದನ್ನೇ ನಂಬಿ ವೇಗದ ಆಟಕ್ಕೆ ಕೂರಬೇಡಿ. ಸ್ಕಾರ್ಫಿನ ತುದಿ ಒಳಗೆ ಸೇರಿರಲಿ, ಚೂಪಾದ ಗುಂಡುಪಿನ್ನು ಬೇಡ. ನೀರಿನ ಆಟಗಳಿಗೆ ಪಾರ್ಕಿನವರು ನೈಲಾನ್ ಉಡುಪನ್ನೇ ಕೇಳುವುದುಂಟು. ಮೈ ಮುಚ್ಚುವ ಈಜುಡುಪಿಗೆ ಅನುಮತಿ ಇದೆಯೇ ಎಂದು ಹೊರಡುವ ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ.

ಬಿದ್ದರೆ ಬಿಡಿ

ಕನ್ನಡಕ ಬಿದ್ದೇ ಹೋಯಿತು ಎನ್ನೋಣ. ಆಟ ನಡೆಯುತ್ತಿರುವಾಗ ಬಗ್ಗಬಾರದು, ಕೈ ಚಾಚಬಾರದು. ಮುಗಿದ ಮೇಲೆಯೂ ಬೇಲಿ ದಾಟಿ ಹುಡುಕಬಾರದು. 2015ರ ಆಗಸ್ಟ್‌ನಲ್ಲಿ ಅಮೆರಿಕದ ಓಹಾಯೊ ರಾಜ್ಯದ ಸೀಡರ್ ಪಾಯಿಂಟ್ ಪಾರ್ಕಿನಲ್ಲಿ ಒಬ್ಬ ವ್ಯಕ್ತಿ ರೋಲರ್ ಕೋಸ್ಟರಿನಲ್ಲಿ ಕಳೆದ ತನ್ನ ವಸ್ತುವನ್ನು ಹುಡುಕಲು ನಿಷೇಧಿತ ಬೇಲಿಯೊಳಗೆ ಹೋದ. ಬಂಡಿ ಬಡಿದು ಪ್ರಾಣವೇ ಹೋಯಿತು. ಹೊಸ ಕನ್ನಡಕ ಹುಬ್ಬಳ್ಳಿಯಲ್ಲಿ ಸಿಗುತ್ತದೆ, ಜೀವ ಸಿಗುವುದಿಲ್ಲ. ಸಿಬ್ಬಂದಿಗೆ ಹೇಳಿ, ಹೆಸರು ಮತ್ತು ಫೋನ್ ನಂಬರ್ ಬರೆಸಿ ಬನ್ನಿ.

ದಾಂಡೇಲಿಯಲ್ಲಂತೂ ಹುಡುಕುವ ಮಾತೇ ಇಲ್ಲ. ಗಣೇಶಗುಡಿಯ ಬಳಿ ಸೂಪಾ ಅಣೆಕಟ್ಟೆಯಿಂದ ಬಿಟ್ಟ ನೀರಿನಲ್ಲಿ ರಾಫ್ಟಿಂಗ್ ನಡೆಯುತ್ತದೆ. ಕಾಳಿ ನದಿ ಒಮ್ಮೆ ತೆಗೆದುಕೊಂಡ ಕನ್ನಡಕವನ್ನು ಮರಳಿ ಕೊಡುವುದಿಲ್ಲ. ಮುರುಡೇಶ್ವರ, ಗೋಕರ್ಣದ ಸಮುದ್ರದ ಅಲೆಯೂ ಅಷ್ಟೇ.

ಕನ್ನಡಕವಿಲ್ಲದ ಮಗು ಏನು ನೋಡುತ್ತದೆ?

ಕನ್ನಡಕವನ್ನು ಡಬ್ಬಿಗೆ ಹಾಕಿದಾಗ ಅರ್ಧ ಕೆಲಸ ಮಾತ್ರ ಮುಗಿಯಿತು. ಉಳಿದರ್ಧ ಯಾರಿಗೂ ನೆನಪಾಗುವುದಿಲ್ಲ. ಮೈನಸ್ 2 ನಂಬರಿನ ಮಗುವಿಗೆ ಕನ್ನಡಕವಿಲ್ಲದೆ ಸ್ಪಷ್ಟವಾಗಿ ಕಾಣುವುದು ಅರ್ಧ ಮೀಟರ್‌ವರೆಗೆ. ಮೈನಸ್ 4 ಇದ್ದರೆ 25 ಸೆಂಟಿಮೀಟರ್, ಅಂದರೆ ಒಂದು ಗೇಣಿಗಿಂತ ತುಸು ಹೆಚ್ಚು. ಅದರಾಚೆ ಎಲ್ಲವೂ ಮಂಜು. "ಆಳ 5 ಅಡಿ" ಎಂಬ ಫಲಕ ಆ ಮಗುವಿಗೆ ಕಾಣದು, ಒದ್ದೆ ಮೆಟ್ಟಿಲಿನ ಅಂಚು ಕಾಣದು.

ಇನ್ನೊಂದು ಮಾತು ನಮ್ಮ ಮನೆಗಳಿಗೇ ಸಂಬಂಧಿಸಿದ್ದು. ಕೊಳದ ದಂಡೆಯಲ್ಲಿ ಎಂಟು ಹತ್ತು ಮಂದಿ ಕಪ್ಪು ಬುರ್ಖಾದವರು ನಿಂತಿದ್ದರೆ, ಆ ಮಗುವಿಗೆ ಎಲ್ಲರೂ ಒಂದೇ ಆಗಿ ಕಾಣುತ್ತಾರೆ. ತನ್ನ ಅಮ್ಮಿ ಯಾರೆಂದು ಅದಕ್ಕೆ ಗುರುತು ಹತ್ತುವುದಿಲ್ಲ. ಎದುರಿನಿಂದ ನೀವು ಕೈಬೀಸುತ್ತೀರಿ, ಮಗು ಬೇರೆಯವರ ಹಿಂದೆ ಹೋಗುತ್ತದೆ. ಆದ್ದರಿಂದ ಹಳದಿಯೋ ಕೆಂಪೋ, ದೂರಕ್ಕೆ ಎದ್ದು ಕಾಣುವ ಚೀಲವೊಂದು ನಿಮ್ಮ ಭುಜದ ಮೇಲಿರಲಿ. ಹೆಸರು ಹಿಡಿದು ಕೂಗಿ. ಜಾರುಬಂಡೆಯ ತುದಿಯಲ್ಲಿ ಮಗುವಿನ ಕೈ ಹಿಡಿಯಲು ಅಬ್ಬಾ, ಅಣ್ಣ, ಖಾಲಾ ಯಾರಾದರೊಬ್ಬರು ನಿಂತಿರಲಿ. ಮೇಲೆ ಹತ್ತುವಾಗಲೂ ಜೊತೆಗೊಬ್ಬರು ಬೇಕು.

ಈಜುವ ಅಭ್ಯಾಸವಿರುವ ಮಗುವಿಗೆ ನಂಬರ್ ಇರುವ ಈಜು ಕನ್ನಡಕವೂ ದೊರೆಯುತ್ತದೆ. ಅಲೆಗಳ ಕೊಳಕ್ಕೆ ಅದು ಉಪಯುಕ್ತ. ಆದರೆ ದೊಡ್ಡ ಹೆಣ್ಣುಮಕ್ಕಳು "ಕಾಂಟ್ಯಾಕ್ಟ್ ಲೆನ್ಸ್ ಹಾಕಿ ನೀರಿಗಿಳಿಯುತ್ತೇನೆ" ಎಂದರೆ ಒಪ್ಪಬೇಡಿ. ನೀರಿನಲ್ಲಿರುವ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿ ಲೆನ್ಸಿನಡಿ ಸೇರಿಕೊಂಡರೆ ದೃಷ್ಟಿಗೇ ಅಪಾಯ ತರಬಲ್ಲದು.

ಶಾಲೆಯ ಪ್ರವಾಸಕ್ಕೆ ಕಳುಹಿಸುವಾಗ

ಅಂಜುಮನ್ ಶಾಲೆಯಿರಲಿ, ಸರ್ಕಾರಿ ಉರ್ದು ಶಾಲೆಯಿರಲಿ, ಪ್ರವಾಸದಲ್ಲಿ ಹತ್ತಾರು ಮಕ್ಕಳನ್ನು ನೋಡಿಕೊಳ್ಳುವವರು ಕೆಲವೇ ಶಿಕ್ಷಕರು. ಒಪ್ಪಿಗೆ ಪತ್ರದಲ್ಲೇ "ನನ್ನ ಮಗುವಿಗೆ ಕನ್ನಡಕವಿಲ್ಲದೆ ದೂರದ್ದು ಕಾಣುವುದಿಲ್ಲ" ಎಂದು ಬರೆಯಿರಿ. ಡಬ್ಬಿಯ ಒಳಗೆ ಹೆಸರು, ಫೋನ್ ನಂಬರಿನ ಚೀಟಿ ಅಂಟಿಸಿ. ಹಳೆಯ ಕನ್ನಡಕವನ್ನು ಎಸೆಯದೆ ಚೀಲದಲ್ಲಿ ಇಟ್ಟು ಕಳುಹಿಸಿ, ನಂಬರ್ ಸ್ವಲ್ಪ ಹೆಚ್ಚುಕಡಿಮೆಯಾದರೂ ಮನೆ ಮುಟ್ಟುವವರೆಗೆ ಅದು ಆಸರೆ. ವೈದ್ಯರ ಚೀಟಿಯ ಫೋಟೊ ಮೊಬೈಲಿನಲ್ಲಿರಲಿ. ಎರಡು ದಿನ ಮೊದಲು ಕೊಪ್ಪಿಕರ ರಸ್ತೆಯಲ್ಲೋ ನಿಮ್ಮ ಓಣಿಯ ಹತ್ತಿರವೋ ಕನ್ನಡಕದ ಅಂಗಡಿಗೆ ಹೋಗಿ ಸ್ಕ್ರೂ ಬಿಗಿ ಮಾಡಿಸಿ. ಮಗು ತಲೆ ತಗ್ಗಿಸಿ ಅಲ್ಲಾಡಿಸಿದರೂ ಬೀಳಬಾರದು, ಅದೇ ಪರೀಕ್ಷೆ.

ಗದರಿಸುವ ಮೊದಲು

ಕನ್ನಡಕ ಕಳೆದು ಬಂದ ಮಗುವಿಗೆ ಮನೆಯಲ್ಲಿ ಸಿಗುವ ಮೊದಲ ಮಾತು ಬೈಗುಳವಾದರೆ, ಮುಂದಿನ ಸಲ ಅದು ಹೇಳುವುದೇ ಇಲ್ಲ. ಒಡೆದ ಕನ್ನಡಕವನ್ನು ಚೀಲದಲ್ಲಿ ಬಚ್ಚಿಟ್ಟು ಕರಿಹಲಗೆ ಕಾಣದೆ ತಿಂಗಳುಗಟ್ಟಲೆ ಕುಳಿತುಬಿಡುತ್ತದೆ. ಹಣದ ಅಡಚಣೆಯಿದ್ದರೆ ಸರ್ಕಾರಿ ಶಾಲೆಯ ಮಕ್ಕಳಿಗೆ ಆರೋಗ್ಯ ತಪಾಸಣೆಯ ಮೂಲಕ ಉಚಿತ ಕನ್ನಡಕ ಪಡೆಯುವ ದಾರಿಯಿದೆ, ಮುಖ್ಯೋಪಾಧ್ಯಾಯರನ್ನು ವಿಚಾರಿಸಿ.

ಹೆಣ್ಣುಮಕ್ಕಳ ವಿಷಯ ಇನ್ನೂ ಸೂಕ್ಷ್ಮ. ನೆಂಟರು ಬಂದಾಗ, ಫೋಟೊ ತೆಗೆಯುವಾಗ "ಆ ಚಶ್ಮಾ ತೆಗೆ" ಎಂದು ನಾವೇ ಹೇಳುತ್ತೇವೆ. ಕೇಳಿ ಕೇಳಿ ಆ ಹುಡುಗಿ ಪ್ರವಾಸಕ್ಕೆ ಹೋಗುವಾಗ ಕನ್ನಡಕವನ್ನು ಬೇಕೆಂದೇ ಮನೆಯಲ್ಲಿ ಬಿಟ್ಟು ಹೋಗುತ್ತಾಳೆ. ನೋಡುವ ಕಣ್ಣಿನಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲವೆಂದು ಅವಳಿಗೆ ತಾಯಿಯೇ ಹೇಳಬೇಕು.

ಒಂಟೆಯನ್ನು ಕಟ್ಟಿಹಾಕಿ ಆಮೇಲೆ ಅಲ್ಲಾಹನಲ್ಲಿ ಭರವಸೆಯಿಡಬೇಕೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಮಕ್ಕಳು ನಕ್ಕು ನಲಿಯಲಿ, ರಜೆಯ ಸಂತೋಷ ಅವರ ಹಕ್ಕು. ಕನ್ನಡಕ ಡಬ್ಬಿಯಲ್ಲಿರಲಿ, ಮಗುವಿನ ಕೈ ನಿಮ್ಮ ಕೈಯಲ್ಲಿರಲಿ. ಉಳಿದದ್ದನ್ನು ಅಲ್ಲಾಹನಿಗೆ ಒಪ್ಪಿಸಿ ಹೊರಡಿ.