ದಾಳ ಕೈಕೊಟ್ಟು ಪಾತ್ರ ಸತ್ತಾಗ…

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಬಹುಮಹಡಿ ವಸತಿ ಸಮುಚ್ಚಯಗಳಲ್ಲಿ ಶನಿವಾರ ಸಂಜೆ ಊಟದ ಮೇಜನ್ನೇ ಯುದ್ಧಭೂಮಿಯನ್ನಾಗಿಸಿಕೊಳ್ಳುವ ಒಂದು ಹವ್ಯಾಸವಿದೆ. ನಾಲ್ಕೈದು ಮಂದಿ ಸಹೋದ್ಯೋಗಿಗಳು, ಕೆಲವು ಹಾಳೆ, ಪೆನ್ಸಿಲ್, ಬಗೆಬಗೆಯ ಮುಖಗಳ ದಾಳಗಳು. ಒಬ್ಬರು ಕಥೆ ನಡೆಸುವ ಸೂತ್ರಧಾರ. ಉಳಿದವರು ತಾವೇ ಕಲ್ಪಿಸಿಕೊಂಡ ಯೋಧ, ಮಾಂತ್ರಿಕ, ಕಳ್ಳ ಮೊದಲಾದ ಪಾತ್ರಗಳಾಗಿ ಮಾತನಾಡುತ್ತಾರೆ. ‘ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಗೇಮ್’ ಎಂದು ಕರೆಯಲಾಗುವ ಈ ಆಟದಲ್ಲಿ ಗೆದ್ದವರು, ಸೋತವರು ಎಂಬ ಲೆಕ್ಕವಿಲ್ಲ. ಆದರೆ ಸಾವಿದೆ.

ಚೌಕಾಬಾರದಲ್ಲಿ ಹೊಡೆಸಿಕೊಂಡ ಕಾಯಿ ಮನೆಗೆ ಮರಳಿ ಮತ್ತೆ ಹೊರಡುತ್ತದೆ; ಅದಕ್ಕಾಗಿ ಯಾರೂ ಕಣ್ಣೀರಿಡುವುದಿಲ್ಲ. ಇಲ್ಲಿ ಹಾಗಲ್ಲ. ಒಂದು ವರ್ಷ ಪ್ರತಿ ವಾರ ಆಡಿ ಬೆಳೆಸಿದ ಪಾತ್ರಕ್ಕೆ ಹೆಸರು, ಊರು, ಸಾಲ, ಹಗೆ, ತಂಗಿಯ ಮದುವೆಯ ಚಿಂತೆ ಎಲ್ಲವೂ ಇರುತ್ತವೆ. ಒಂದು ಕೆಟ್ಟ ಗರ ಬಿದ್ದು ಅದು ಸತ್ತರೆ ಮೇಜಿನ ಸುತ್ತ ಮೌನ ಆವರಿಸುತ್ತದೆ. ಆ ಮೌನವನ್ನು ನಿಭಾಯಿಸುವುದು ಹೇಗೆ ಎಂಬುದು ಈ ಆಟದಷ್ಟೇ ಹಳೆಯ ಪ್ರಶ್ನೆ.

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ‘ಡಂಜನ್ಸ್ ಆಂಡ್ ಡ್ರಾಗನ್ಸ್’ ಅಮೆರಿಕದಲ್ಲಿ ಪ್ರಕಟವಾದದ್ದು 1974ರಲ್ಲಿ. ಅದರ ಮೂಲ, ಗೊಂಬೆ ಸೈನಿಕರನ್ನಿಟ್ಟು ಆಡುವ ಸಮರ ಕ್ರೀಡೆ. ಹೀಗಾಗಿ ಆರಂಭದಲ್ಲಿ ಸಾವು ಅಗ್ಗವಾಗಿತ್ತು. ಪಾತ್ರದ ಜೀವಶಕ್ತಿಯ ಅಂಕ ಸೊನ್ನೆಗಿಳಿದರೆ ಕಥೆ ಮುಗಿಯಿತು. ಹೊಸಬ ಮಾಂತ್ರಿಕನಿಗೆ ಒಂದೇ ಏಟು ಸಾಕಾಗುತ್ತಿತ್ತು. 1977ರ ‘ಟ್ರಾವೆಲರ್’ ಆಟದಲ್ಲಂತೂ ಪಾತ್ರವನ್ನು ಸೃಷ್ಟಿಸುವ ಹಂತದಲ್ಲೇ ಅದು ಸಾಯಬಹುದಿತ್ತು! 1984ರ ಹಾಸ್ಯಪ್ರಧಾನ ‘ಪ್ಯಾರನಾಯ’ ಇದನ್ನೇ ತಮಾಷೆಯಾಗಿಸಿ, ಸತ್ತವನ ಜಾಗಕ್ಕೆ ಅವನದೇ ತದ್ರೂಪಿಗಳನ್ನು ಒಬ್ಬರಾದ ಮೇಲೊಬ್ಬರಂತೆ ಕಳುಹಿಸಿತು.

ಕಾಲ ಸರಿದಂತೆ ನಿಯಮಗಳು ಮೃದುವಾದವು. 2014ರಲ್ಲಿ ಬಂದ ‘ಡಂಜನ್ಸ್ ಆಂಡ್ ಡ್ರಾಗನ್ಸ್’ನ ಐದನೇ ಆವೃತ್ತಿಯಲ್ಲಿ ಸೊನ್ನೆಗಿಳಿದ ಪಾತ್ರ ಸಾಮಾನ್ಯವಾಗಿ ತಕ್ಷಣ ಸಾಯುವುದಿಲ್ಲ, ಪ್ರಜ್ಞೆ ತಪ್ಪುತ್ತದೆ. ತನ್ನ ಸರದಿ ಬಂದಾಗಲೆಲ್ಲ ಆಟಗಾರ 20 ಮುಖಗಳ ದಾಳ ಎಸೆಯುತ್ತಾನೆ. 10 ಅಥವಾ ಹೆಚ್ಚು ಬಿದ್ದರೆ ಒಂದು ಜಯ, ಕಡಿಮೆಯಾದರೆ ಒಂದು ಸೋಲು. ಮೂರು ಜಯಗಳಾದರೆ ಪ್ರಾಣ ನಿಲ್ಲುತ್ತದೆ, ಮೂರು ಸೋಲುಗಳಾದರೆ ಸಾವು. 1 ಬಿದ್ದರೆ ಎರಡು ಸೋಲಿಗೆ ಸಮ. 20 ಬಿದ್ದರೆ ಎದ್ದು ಕೂರಬಹುದು. ಲೆಕ್ಕ ಹಾಕಿದರೆ, ಯಾರೂ ನೆರವಿಗೆ ಬಾರದೆ, ಹೊಸ ಏಟೂ ಬೀಳದೆ ಇದ್ದಲ್ಲಿ ಬದುಕುವ ಸಾಧ್ಯತೆ ಸುಮಾರು ಶೇ. 59.5. ಸತ್ತ ಮೇಲೂ ದಾರಿಯಿದೆ: 300 ಚಿನ್ನದ ನಾಣ್ಯ ಬೆಲೆಯ ವಜ್ರವಿದ್ದು, ಒಂದು ನಿಮಿಷದೊಳಗೆ ಮಂತ್ರ ಹೇಳಿದರೆ ಜೀವ ಮರಳುತ್ತದೆ. 500 ನಾಣ್ಯದ ವಜ್ರಕ್ಕೆ ಹತ್ತು ದಿನಗಳ ಅವಧಿ. ಸಾವಿಗೂ ಗಡುವು, ಬೆಲೆಪಟ್ಟಿ ಇರುವುದು ಐಟಿ ಉದ್ಯೋಗಿಗಳಿಗೆ ಅಷ್ಟೇನೂ ವಿಚಿತ್ರವೆನಿಸದು.

ಬೆಂಗಳೂರಿನ ಹೊರವಲಯದಲ್ಲಿ ಈ ಪ್ರಶ್ನೆಗೆ ಇನ್ನೊಂದು ಮುಖವಿದೆ: ಸಮಯ. ಐವರ ಬಿಡುವು ಒಂದೇ ಸಂಜೆ ಕೂಡಿಬರುವುದೇ ಅಪರೂಪ. ಒಬ್ಬರಿಗೆ ‘ರಿಲೀಸ್’, ಇನ್ನೊಬ್ಬರಿಗೆ ರಾತ್ರಿಪಾಳಿ, ಪೀಣ್ಯದ ಕಾರ್ಖಾನೆಯಲ್ಲಿರುವ ಗೆಳೆಯನಿಗೆ ಶಿಫ್ಟ್ ಬದಲಾವಣೆ. ನಮ್ಮ ಮೆಟ್ರೋದ ನೇರಳೆ ಮಾರ್ಗ 2023ರಲ್ಲಿ ವೈಟ್‌ಫೀಲ್ಡ್‌ವರೆಗೆ ಪೂರ್ಣಗೊಂಡು, ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ತಲುಪಿದ್ದರೂ ಒಂದು ಮೂಲೆಯಿಂದ ಇನ್ನೊಂದಕ್ಕೆ ಹೋಗುವುದು ಸಣ್ಣ ಪ್ರಯಾಣವೇನಲ್ಲ. ಹಾಗೆ ಬಂದವನ ಪಾತ್ರ ಮೊದಲ ಅರ್ಧ ಗಂಟೆಯಲ್ಲೇ ಸತ್ತರೆ, ಉಳಿದ ಮೂರು ಗಂಟೆ ಅವನು ಚಿಪ್ಸ್ ತಿನ್ನುತ್ತಾ ಕೂರಬೇಕೇ? ನಿಜವಾದ ಶಿಕ್ಷೆ ಆಗುವುದು ಪಾತ್ರಕ್ಕಲ್ಲ, ಮನುಷ್ಯನಿಗೆ.

ಆದ್ದರಿಂದ ಅನುಭವಿ ಸೂತ್ರಧಾರರು ಪ್ರತಿಯೊಬ್ಬರಿಂದಲೂ ಮೊದಲೇ ಒಂದು ಮೀಸಲು ಪಾತ್ರ ಬರೆಸಿಟ್ಟುಕೊಳ್ಳುತ್ತಾರೆ. ಅದು ಸಿದ್ಧವಿರದಿದ್ದರೆ ಕಥೆಯಲ್ಲಿರುವ ಹೋಟೆಲಿನವನನ್ನೋ ಕಾವಲುಗಾರನನ್ನೋ ಆಟಗಾರನ ಕೈಗೆ ಒಪ್ಪಿಸಬಹುದು. ಹೊಸ ಪಾತ್ರವನ್ನು ಮೊದಲ ಹಂತದಿಂದ ಆರಂಭಿಸುವಂತೆ ಹೇಳುವ ಹಳೆಯ ರೂಢಿ ಈಗಿನ ಮೇಜುಗಳಿಗೆ ಹೊಂದುವುದಿಲ್ಲ. ಸಂಗಡಿಗರೆಲ್ಲ ಹತ್ತನೇ ಹಂತದಲ್ಲಿರುವಾಗ ಅವನೊಬ್ಬ ಮತ್ತೆ ಸಾಯುವುದು ಖಚಿತ.

ದಾಳವನ್ನು ಮರೆಯಲ್ಲೆಸೆದು, ಬಿದ್ದ ಸಂಖ್ಯೆಯನ್ನು ಬದಲಿಸಿ ಪಾತ್ರವನ್ನು ಉಳಿಸಬಹುದೇ? ಉಳಿಸುವವರು ಬೇಕಾದಷ್ಟಿದ್ದಾರೆ. ಆದರೆ ಒಮ್ಮೆ ಹೀಗೆ ಮಾಡಿದ್ದು ಗೊತ್ತಾದರೆ ಆಮೇಲಿನ ಯಾವ ಗೆಲುವಿಗೂ ರುಚಿಯಿರುವುದಿಲ್ಲ. ದಾಳ ಎಸೆಯುವ ಮೊದಲೇ ಸೋಲಿನ ಫಲವನ್ನು ನಿರ್ಧರಿಸುವುದು ಹೆಚ್ಚು ಪ್ರಾಮಾಣಿಕ ದಾರಿ. ಸೋತ ತಂಡ ಸೆರೆಯಾಗಬಹುದು, ಯೋಧ ಕೈ ಕಳೆದುಕೊಳ್ಳಬಹುದು, ಕಾಪಾಡಬೇಕಿದ್ದ ಹಳ್ಳಿ ಸುಟ್ಟುಹೋಗಬಹುದು. ಇಂಥ ಸೋಲುಗಳು ಎಷ್ಟೋ ಸಲ ಸಾವಿಗಿಂತ ಹೆಚ್ಚು ಕಥೆ ಕೊಡುತ್ತವೆ.

ಈ ವಿಷಯದಲ್ಲಿ ಕರಾವಳಿಯ ತಾಳಮದ್ದಳೆಯಿಂದ ಕಲಿಯುವುದು ಸಾಕಷ್ಟಿದೆ. ಅಲ್ಲಿಯೂ ಕುಣಿತವಿಲ್ಲ, ವೇಷವಿಲ್ಲ. ಅರ್ಥಧಾರಿಗಳು ಕುಳಿತಲ್ಲೇ ಪಾತ್ರವಾಗಿ ಆಶುವಾಗಿ ವಾದಿಸುತ್ತಾರೆ. ವ್ಯತ್ಯಾಸವೆಂದರೆ ವಾಲಿ, ಕರ್ಣ, ಭೀಷ್ಮರ ಅಂತ್ಯ ಮೊದಲೇ ತಿಳಿದಿದೆ, ದಾಳಕ್ಕೆ ಅಲ್ಲಿ ಕೆಲಸವಿಲ್ಲ. ಆದರೂ ಕೇಳುಗರು ಕಾದು ಕೂರುವುದು ಬಾಣ ತಗುಲಿದ ಮೇಲಿನ ವಾಲಿಯ ಮಾತಿಗಾಗಿ. ಮರೆಯಲ್ಲಿ ನಿಂತು ಹೊಡೆದ ರಾಮನನ್ನು ಅವನು ಪ್ರಶ್ನಿಸುವ ಭಾಗವೇ ಪ್ರಸಂಗದ ಜೀವಾಳ. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಗಳ ವಾಲಿ ಮನೆಮಾತಾದದ್ದು ಹೀಗೆ. ಮೇಜಿನಾಟದಲ್ಲಿ ನಡೆಯುವುದು ಬಹುತೇಕ ಇದಕ್ಕೆ ವಿರುದ್ಧ: ‘ಸತ್ತೆ, ಮುಂದಿನ ಸರದಿ ಯಾರದು?’ ಎಂದು ಸೂತ್ರಧಾರ ಮುಂದೆ ಸಾಗುತ್ತಾನೆ. ಐದು ನಿಮಿಷ ಆಟ ನಿಲ್ಲಿಸಿ ಕೊನೆಯ ಮಾತನ್ನು ಆಟಗಾರನಿಗೇ ಬಿಟ್ಟರೆ, ಸಂಗಡಿಗರಿಗೆ ಅಂತ್ಯಸಂಸ್ಕಾರದ ಒಂದು ದೃಶ್ಯ ಕೊಟ್ಟರೆ, ಆ ಸಾವು ಕಥೆಯ ಭಾಗವಾಗುತ್ತದೆ.

ಪಾತ್ರದ ಸಾವು ಆಟಗಾರನ ಮನಸ್ಸನ್ನು ಕೆಡಿಸುತ್ತದೆ ಎಂಬ ಭೀತಿ 1980ರ ದಶಕದಲ್ಲಿ ಅಮೆರಿಕದಲ್ಲಿ ದೊಡ್ಡ ಗದ್ದಲವೆಬ್ಬಿಸಿತ್ತು. ಪಾತ್ರ ಸತ್ತದ್ದಕ್ಕೆ ಹುಡುಗಿಯೊಬ್ಬಳು ಆತ್ಮಹತ್ಯೆ ಮಾಡಿಕೊಳ್ಳುವ ಕಥೆಯ ಧಾರ್ಮಿಕ ಚಿತ್ರಪುಸ್ತಿಕೆಯೊಂದು 1984ರಲ್ಲಿ ಹಂಚಿಕೆಯಾಯಿತು. ಅಂಥ ಕಾರ್ಯಕಾರಣ ಸಂಬಂಧ ಸಾಬೀತಾಗಲಿಲ್ಲ. ಹಾಗೆಂದು ದುಃಖವೇ ಸುಳ್ಳಲ್ಲ. ಇತ್ತೀಚೆಗೆ ತಂದೆಯನ್ನು ಕಳೆದುಕೊಂಡವನ ಮುಂದೆ ಆಸ್ಪತ್ರೆಯ ಹಾಸಿಗೆಯಂಥ ದೃಶ್ಯ ಬಂದರೆ ಅದು ಆಟವಾಗಿ ಉಳಿಯುವುದಿಲ್ಲ. ಇದಕ್ಕೆಂದೇ ಆರಂಭಕ್ಕೆ ಮುನ್ನ ‘ಸೆಷನ್ ಝೀರೋ’ ಎಂಬ ಮಾತುಕತೆ ನಡೆಸಿ, ಸಾವು ಎಷ್ಟು ಸಾಮಾನ್ಯ, ಯಾವ ದೃಶ್ಯ ಬೇಡ ಎಂಬುದನ್ನು ತೀರ್ಮಾನಿಸಿಕೊಳ್ಳುತ್ತಾರೆ. ‘ಎಕ್ಸ್ ಕಾರ್ಡ್’ ಎಂಬ ಚೀಟಿಯನ್ನು ಮುಟ್ಟಿದರೆ ಸಾಕು, ಕಾರಣ ಕೇಳದೆ ದೃಶ್ಯವನ್ನು ಕೈಬಿಡಲಾಗುತ್ತದೆ. ಕಚೇರಿಯ ‘ಟೀಮ್ ಲೀಡ್’ ಸೂತ್ರಧಾರನಾಗಿದ್ದು, ಕಿರಿಯರು ಆಟಗಾರರಾಗಿರುವ ಮೇಜುಗಳಿಗೆ ಈ ಚೀಟಿ ಅತ್ಯಗತ್ಯ. ವಾರವಿಡೀ ‘ಸರಿ ಸರ್’ ಎಂದವರು ಶನಿವಾರ ಬಾಯಿಬಿಟ್ಟು ‘ಬೇಡ’ ಎನ್ನುವುದು ಕಷ್ಟ.

ಇನ್ನು ದಾಳಕ್ಕೆ ಸಂಬಂಧವಿಲ್ಲದ ಸಾವುಗಳೂ ಇವೆ. ಆಟಗಾರನಿಗೆ ಪುಣೆಗೆ ವರ್ಗವಾಗುತ್ತದೆ, ‘ಆನ್‌ಸೈಟ್’ ಅವಕಾಶ ಸಿಗುತ್ತದೆ, ಕೆಲಸವೇ ಹೋಗುತ್ತದೆ. ಅವನಿಲ್ಲದ ವಾರ ಪಾತ್ರವನ್ನು ಕೊಂದು ಕಥೆ ಮುಂದುವರಿಸುವುದು ಸುಲಭ, ಆದರೆ ಹೋದವನಿಗೆ ಅದು ಬಾಗಿಲು ಮುಚ್ಚಿದಂತೆ ಕೇಳಿಸುತ್ತದೆ. ವಿಶೇಷವಾಗಿ ಕೆಲಸ ಕಳೆದುಕೊಂಡವನಿಗೆ. ಪಾತ್ರ ಏನಾಗಬೇಕೆಂದು ಅವನನ್ನೇ ಕೇಳುವುದು ಲೇಸು. ವೀರಮರಣ ಬೇಕೆಂದರೆ ಕೊನೆಯ ಸಂಜೆ ಅದನ್ನು ಆಡಬಹುದು. ಬೇಡವೆಂದರೆ ಯಾವುದೋ ಬಂದರಿನಲ್ಲಿ ಅಂಗಡಿ ಇಟ್ಟುಕೊಂಡು ಕೂರಲಿ. ಕ್ಯಾಲಿಫೋರ್ನಿಯಾದಲ್ಲಿ ಶುಕ್ರವಾರ ರಾತ್ರಿಯಾದಾಗ ಇಲ್ಲಿ ಶನಿವಾರ ಬೆಳಗಿನ ತಿಂಡಿಯ ಹೊತ್ತು. ವಿಡಿಯೊ ಕರೆಯಲ್ಲಿ ಒಂದು ದಿನ ಅಂಗಡಿಯವನು ಮತ್ತೆ ಕತ್ತಿ ಹಿಡಿಯಬಹುದು.