ಬಯಾಪ್ಸಿ ಎಂದರೇನು?

ಕಳೆದ ವರ್ಷ ನಮ್ಮ ಅವ್ವನ ಕೆನ್ನೆಯ ಒಳಭಾಗದಲ್ಲಿ ಬಿಳಿಯ ಮಚ್ಚೆಯೊಂದು ಕಾಣಿಸಿಕೊಂಡಿತು. ಎಲೆ ಅಡಿಕೆಯೊಡನೆ ಹೊಗೆಸೊಪ್ಪು ಹಾಕಿಕೊಳ್ಳುವುದು ಅವಳ ಬಹುಕಾಲದ ಅಭ್ಯಾಸ. ವೈದ್ಯರು ಬಯಾಪ್ಸಿ ಆಗಬೇಕೆಂದರು. ಊರಿನ ಹಿರಿಯರೋ, "ಕತ್ತಿ ತಾಗಿದರೆ ಮೈಯೆಲ್ಲ ಹರಡುತ್ತದಪ್ಪ, ಬೇಡ" ಎಂದರು. ಹೀಗೆ ನಾಲ್ಕು ತಿಂಗಳು ಕಳೆದುಹೋದವು. ಈ ಭಯ ನಮ್ಮ ಮನೆಯೊಂದರದೇ ಅಲ್ಲ. ಆದುದರಿಂದ, ನಾನು ವಿಜ್ಞಾನದ ವಿದ್ಯಾರ್ಥಿಯಲ್ಲದಿದ್ದರೂ, ಕೇಳಿ ಓದಿ ತಿಳಿದುಕೊಂಡುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಬಯಾಪ್ಸಿ ಎಂಬ ಹೆಸರನ್ನು 1879ರಲ್ಲಿ ಬಳಕೆಗೆ ತಂದವನು ಫ್ರಾನ್ಸಿನ ವೈದ್ಯ ಅರ್ನೆಸ್ಟ್ ಬೆಸ್ನಿಯೆ. ಗ್ರೀಕ್ ಭಾಷೆಯಲ್ಲಿ 'ಬಯೋಸ್' ಎಂದರೆ ಜೀವ, 'ಆಪ್ಸಿಸ್' ಎಂದರೆ ನೋಟ. ಬದುಕಿರುವ ರೋಗಿಯ ಅಂಗಾಂಶದಿಂದ ಒಂದು ಚೂರನ್ನು ತೆಗೆದು ಪರೀಕ್ಷಿಸುವುದೇ ಬಯಾಪ್ಸಿ.

ಬಾಯಿಯಂಥ ಕಡೆ, ಮರಗಟ್ಟಿಸುವ ಔಷಧಿ ಚುಚ್ಚಿ ಸಣ್ಣ ತುಣುಕನ್ನು ಕತ್ತರಿಸುತ್ತಾರೆ. ಒಳಗಿನ ಅಂಗಗಳಾದರೆ ಸಾಮಾನ್ಯವಾಗಿ ಸೂಜಿಯಿಂದ ತೆಗೆಯುತ್ತಾರೆ. ತುಣುಕು ಕೊಳೆಯದಂತೆ ಫಾರ್ಮಲಿನ್ ದ್ರವದಲ್ಲಿಟ್ಟು, ಬಳಿಕ ಮೇಣದಲ್ಲಿ ಹುದುಗಿಸಿ, ಮೈಕ್ರೊಟೋಮ್ ಎಂಬ ಯಂತ್ರದಿಂದ ಸೀಳುತ್ತಾರೆ. ಒಂದೊಂದು ಸೀಳಿನ ದಪ್ಪ ಸುಮಾರು 4–5 ಮೈಕ್ರಾನ್. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು! ಅದಕ್ಕೆ ಎರಡು ಬಣ್ಣ ಹಾಕುತ್ತಾರೆ. ಹೆಮಟಾಕ್ಸಿಲಿನ್ ಜೀವಕೋಶದ ಕೇಂದ್ರವನ್ನು ನೀಲಿಯಾಗಿಸುತ್ತದೆ. ಇಯೋಸಿನ್ ಉಳಿದ ಭಾಗವನ್ನು ಗುಲಾಬಿಯಾಗಿಸುತ್ತದೆ.

ಇನ್ನು ಸೂಕ್ಷ್ಮದರ್ಶಕದ ಕೆಲಸ. ಆರೋಗ್ಯವಂತ ಜೀವಕೋಶಗಳು ಒಪ್ಪವಾಗಿ ಜೋಡಿಸಿದಂತಿರುತ್ತವೆ. ಕ್ಯಾನ್ಸರಿನಲ್ಲಿ ಅವುಗಳ ಕೇಂದ್ರಗಳು ಹಿಗ್ಗಿ ಆಕಾರಗೆಡುತ್ತವೆ. ಕೋಶಗಳು ತಮ್ಮ ಎಲ್ಲೆಯನ್ನು ದಾಟಿ ಒಳಗೆ ನುಗ್ಗುತ್ತವೆ. ಬರಿಗಣ್ಣಿಗೆ ಇದು ತಿಳಿಯದು. "ಕ್ಯಾನ್ಸರ್ ಕಂಡುಬಂದಿಲ್ಲ" ಎಂಬ ವರದಿಯೂ ಪರೀಕ್ಷಿಸಿದ ಚೂರಿನ ಮಾತೇ ಹೊರತು ಇಡೀ ದೇಹದ್ದಲ್ಲ. ಆದ್ದರಿಂದ ಸಂಶಯ ಉಳಿದರೆ ವೈದ್ಯರು ಮತ್ತೊಮ್ಮೆ ಚೂರು ಕೇಳುವುದುಂಟು.

ಇದರಿಂದ ರೋಗ ಹರಡುವುದೇ? ಹಾಗಾಗುವುದು ಬಹಳ ಅಪರೂಪ. ಅಂಥ ಅಪಾಯವಿರುವ ಕೆಲವು ಗಡ್ಡೆಗಳಲ್ಲಿ ವೈದ್ಯರೇ ಬೇರೆ ದಾರಿ ಹಿಡಿಯುತ್ತಾರೆ. ಆದರೆ ನಿಜವಾಗಿ ಕ್ಯಾನ್ಸರ್ ಇದ್ದರೆ, ನಾವು ಸುಮ್ಮನೆ ಕಳೆದ ದಿನಗಳಲ್ಲಿ ಅದು ತಾನಾಗಿಯೇ ಬೆಳೆಯುತ್ತದೆ.

ಕೊನೆಗೂ ಅವ್ವನ ಪರೀಕ್ಷೆಯಾಯಿತು. ಇಂಗ್ಲಿಷಿನ ವರದಿಯನ್ನು ಓದಬಲ್ಲವನು ಮನೆಯಲ್ಲಿ ನಾನೊಬ್ಬನೇ. 'ಡಿಸ್‌ಪ್ಲೇಸಿಯಾ' ಎಂದಿತ್ತು. ನನಗೂ ಅರ್ಥವಾಗಲಿಲ್ಲ, ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ಕೋಶಗಳು ಕೆಡತೊಡಗಿವೆ, ಇನ್ನೂ ಕ್ಯಾನ್ಸರ್ ಆಗಿಲ್ಲ, ಮುಂದೆ ಆಗಬಹುದು ಎಂದು ವೈದ್ಯರು ಬಿಡಿಸಿ ಹೇಳಿದರು. ಮಚ್ಚೆಯನ್ನು ತೆಗೆದುಹಾಕಿದರು. ಅವ್ವ ಹೊಗೆಸೊಪ್ಪು ಬಿಟ್ಟಿದ್ದಾಳೆ. ತಪ್ಪದೆ ತೋರಿಸಿಕೊಂಡು ಬರುತ್ತೇವೆ.

ಮಿತ್ರರೇ, ನಿಮ್ಮ ಮನೆಯವರ ಬಾಯಲ್ಲಿ ಮೂರು ವಾರವಾದರೂ ಮಾಯದ ಹುಣ್ಣೋ ಮಚ್ಚೆಯೋ ಇದ್ದರೆ, ನಮ್ಮಂತೆ ತಡಮಾಡಬೇಡಿರಿ.