ಒಂದು ಸೆಮಿಸ್ಟರಿನ ಪರದೇಶ ವ್ಯಾಸಂಗ: ಮರಳುವ ದಾರಿಯಿಂದಲೇ ಆರಂಭ

ಮಕ್ಕಳನ್ನು ಪರವೂರಿಗೆ ಕಳುಹಿಸಿಕೊಡುವುದು ನಮ್ಮ ಕರಾವಳಿಯ ಕ್ರೈಸ್ತ ಕುಟುಂಬಗಳಿಗೆ ಹೊಸ ಸಂಗತಿಯಲ್ಲ. ಮೊದಲು ಮುಂಬಯಿ, ಆಮೇಲೆ ಕುವೈತ್, ಬಹರೈನ್, ದುಬೈ, ಈಚೆಗೆ ಕೆನಡಾ, ಆಸ್ಟ್ರೇಲಿಯಾ. ಹೋದವರು ಹಣ ಕಳುಹಿಸಿದರು, ಮನೆ ಕಟ್ಟಿಸಿದರು. ಕೆಲವರು ಮರಳಿದರು, ಹಲವರು ಮರಳಲಿಲ್ಲ. ಆದರೆ ನಾಲ್ಕೈದು ತಿಂಗಳ ಮಟ್ಟಿಗೆ ಹೋಗಿ, ಓದಿ, ಪರೀಕ್ಷೆ ಬರೆದು, ತನ್ನ ಕಾಲೇಜಿನ ಅದೇ ಬೆಂಚಿಗೆ ಹಿಂದಿರುಗಿ ಪದವಿ ಮುಗಿಸುವ ಪದ್ಧತಿ ನಮಗಿನ್ನೂ ಹೊಸದು. ಆದುದರಿಂದಲೇ, ‘ಒಂದು ಸೆಮಿಸ್ಟರ್ ಯುರೋಪಿನಲ್ಲಿ ಓದುತ್ತೇನೆ’ ಎಂದು ಮಗಳು ಊಟದ ವೇಳೆ ಹೇಳಿದಾಗ ಹೆತ್ತವರು ಅದನ್ನು ಒಂದೋ ವಲಸೆಯೆಂದು ಭಾವಿಸಿ ಭಯಪಡುತ್ತಾರೆ, ಇಲ್ಲವೇ ಪ್ರವಾಸವೆಂದು ಬಗೆದು ತಳ್ಳಿಹಾಕುತ್ತಾರೆ. ಅದು ಎರಡೂ ಅಲ್ಲ.

ಗುರುಮಠದ ತತ್ತ್ವಶಾಸ್ತ್ರದ ತರಗತಿಗಳಲ್ಲಿ ನಾವು ಕಲಿತ ಹಳೆಯ ಸೂತ್ರವೊಂದಿದೆ: ಉದ್ದೇಶವು ಸಂಕಲ್ಪದಲ್ಲಿ ಮೊದಲನೆಯದು, ಕಾರ್ಯದಲ್ಲಿ ಕೊನೆಯದು. ಮನೆ ಕಟ್ಟಿಸುವವನು ಅಲ್ಲಿ ತನ್ನವರು ವಾಸಿಸುವುದನ್ನು ಮೊದಲು ಮನಸ್ಸಿನಲ್ಲಿ ಕಾಣುತ್ತಾನೆ. ಗೃಹಪ್ರವೇಶ ಆಗುವುದು ಕಟ್ಟಕಡೆಗೆ. ಒಂದು ಸೆಮಿಸ್ಟರಿನ ಪರದೇಶ ವ್ಯಾಸಂಗದ ಉದ್ದೇಶವಾದರೋ ಅಲ್ಲಿ ಕಲಿತದ್ದನ್ನು ಇಲ್ಲಿಯ ಪದವಿಗೆ ಸೇರಿಸಿಕೊಳ್ಳುವುದು. ಹೀಗಿರುವಾಗ ಯೋಜನೆಯು ವಿಮಾನದ ಟಿಕೇಟಿನಿಂದಲ್ಲ, ಮರಳಿ ಬಂದಾಗ ಅಂಕಪಟ್ಟಿಯಲ್ಲಿ ಏನು ನಮೂದಾಗುತ್ತದೆ ಎಂಬ ಪ್ರಶ್ನೆಯಿಂದ ಆರಂಭವಾಗಬೇಕು.

ಇಂದು ನಮ್ಮ ವಿದ್ಯಾರ್ಥಿಗಳ ಬಾಯಲ್ಲಿ ಹೆಚ್ಚಾಗಿ ಕೇಳಿಬರುವ ಹೆಸರು ‘ಎರಾಸ್ಮಸ್’. ಯುರೋಪಿನ 11 ದೇಶಗಳ 3,244 ವಿದ್ಯಾರ್ಥಿಗಳೊಂದಿಗೆ 1987ರಲ್ಲಿ ಮೊದಲಾದ ಈ ವಿನಿಮಯ ಯೋಜನೆಯು 2014ರಲ್ಲಿ ‘ಎರಾಸ್ಮಸ್ ಪ್ಲಸ್’ ಎನಿಸಿ, 2015ರಿಂದ ಭಾರತದಂಥ ದೇಶಗಳ ವಿದ್ಯಾರ್ಥಿಗಳಿಗೂ ಬಾಗಿಲು ತೆರೆಯಿತು. ಹೆಸರು ರಾಟರ್‌ಡ್ಯಾಮಿನ ಎರಾಸ್ಮಸ್ ಎಂಬ ವಿದ್ವಾಂಸರದು. 1492ರಲ್ಲಿ ಗುರುದೀಕ್ಷೆ ಪಡೆದ ಅವರು ಪ್ಯಾರಿಸಿನಲ್ಲಿ ಓದಿ, 1506ರಲ್ಲಿ ಟ್ಯೂರಿನ್‌ನಲ್ಲಿ ಡಾಕ್ಟರೇಟ್ ಪಡೆದು, ಕೇಂಬ್ರಿಜ್‌ನಲ್ಲಿ ಪಾಠ ಹೇಳಿ, 1536ರಲ್ಲಿ ಬಾಸೆಲ್ ನಗರದಲ್ಲಿ ತೀರಿಕೊಂಡರು. ಪ್ಯಾರಿಸಿನ ವಿದ್ಯಾರ್ಥಿನಿಲಯದ ಹಳಸಿದ ಮೊಟ್ಟೆಗಳನ್ನು ಅವರು ವರ್ಷಗಳು ಕಳೆದರೂ ಮರೆಯಲಿಲ್ಲ. ಹಾಸ್ಟೆಲಿನ ಊಟದ ಮೇಲಿನ ದೂರು ಇಂದು ನಿನ್ನೆಯದಲ್ಲ!

ಇಲ್ಲಿ ಒಂದು ಗೊಂದಲ ನಿವಾರಣೆಯಾಗಬೇಕು. ‘ಎರಾಸ್ಮಸ್ ಮುಂಡುಸ್’ ಎಂಬುದು ಪೂರ್ಣ ಸ್ನಾತಕೋತ್ತರ ಪದವಿಗೆ ಸಂಬಂಧಿಸಿದ್ದು. ಅದಕ್ಕೆ ವಿದ್ಯಾರ್ಥಿಯೇ ನೇರವಾಗಿ ಅರ್ಜಿ ಹಾಕಬಹುದು. ಒಂದು ಸೆಮಿಸ್ಟರಿನ ವಿನಿಮಯಕ್ಕೆ ಹಾಗಲ್ಲ. ನಮ್ಮ ಕಾಲೇಜು ಇಲ್ಲವೇ ವಿಶ್ವವಿದ್ಯಾನಿಲಯಕ್ಕೂ ಅಲ್ಲಿಯ ವಿಶ್ವವಿದ್ಯಾನಿಲಯಕ್ಕೂ ಮೊದಲೇ ಲಿಖಿತ ಒಪ್ಪಂದವಿರಬೇಕು. ಕಾಲೇಜೇ ವಿದ್ಯಾರ್ಥಿಯನ್ನು ಆರಿಸಿ ಹೆಸರು ಸೂಚಿಸಬೇಕು. ಅನಂತರವಷ್ಟೇ ಅತ್ತಕಡೆಯವರು ಅರ್ಜಿ ಸ್ವೀಕರಿಸುತ್ತಾರೆ. ಅಲ್ಲಿ ಬೋಧನಾ ಶುಲ್ಕ ಇರುವುದಿಲ್ಲ.

ಈ ಒಂದು ಸಂಗತಿ ತಿಳಿಯದೆ ನಮ್ಮ ಧರ್ಮಕೇಂದ್ರದ ಕುಟುಂಬವೊಂದು ಕಷ್ಟಕ್ಕೆ ಸಿಲುಕುವುದರಲ್ಲಿತ್ತು. ಗಲ್ಫಿನಿಂದ ಮರಳಿ ಸಣ್ಣ ಅಂಗಡಿಯಿಟ್ಟ ತಂದೆ, ಬಿ.ಕಾಂ. ಓದುವ ಮಗಳು. ಏಜೆಂಟನೊಬ್ಬ ‘ಎಕ್ಸ್‌ಚೇಂಜ್ ಸೆಮಿಸ್ಟರ್’ ಎಂಬ ಹೆಸರಿನಲ್ಲಿ ಮೂರೂವರೆ ಲಕ್ಷ ರೂಪಾಯಿ ಕೇಳಿದ್ದ. ತಾಯಿ ಬಳೆಗಳನ್ನು ಸೊಸೈಟಿಯಲ್ಲಿ ಅಡವಿಡುವ ಮುನ್ನ ನಮ್ಮಲ್ಲಿಗೆ ಬಂದು, ‘ಫಾದರ್, ಇದು ಸರಿಯಾ?’ ಎಂದು ಕೇಳಿದರು. ನಾವು ಕೇಳಿದ್ದು ಒಂದೇ: ‘ಮಗಳ ಕಾಲೇಜಿನವರು ಬರೆದುಕೊಟ್ಟ ಕಾಗದ ಎಲ್ಲಿದೆಯಮ್ಮ?’ ಕಾಗದ ಇರಲಿಲ್ಲ. ಏಜೆಂಟ್ ಮಾರುತ್ತಿದ್ದುದು ಶುಲ್ಕ ತೆತ್ತು ಸೇರುವ ಒಂದು ಸರ್ಟಿಫಿಕೇಟ್ ಕೋರ್ಸನ್ನು. ಹುಡುಗಿ ಅದಕ್ಕೆ ಹೋಗಿದ್ದರೆ ನಮ್ಮಲ್ಲಿ ಸಾಮಾನ್ಯವಾಗಿ ಬೇಕಾಗುವ ಶೇಕಡಾ 75ರ ಹಾಜರಾತಿ ಇಲ್ಲದೆ ಐದನೆಯ ಸೆಮಿಸ್ಟರಿನ ಪರೀಕ್ಷೆಗೆ ಕೂರುವಂತಿರಲಿಲ್ಲ. ಹಣದೊಂದಿಗೆ ಒಂದು ವರ್ಷವೂ ಹೋಗುತ್ತಿತ್ತು. ಬಳೆಗಳು ಕಪಾಟಿನಲ್ಲೇ ಉಳಿದವು. ವಿಚಾರಿಸಿದಾಗ ತಿಳಿದದ್ದೇನೆಂದರೆ, ಆಕೆಯ ಕಾಲೇಜಿಗೇ ಪೋಲೆಂಡಿನ ಒಂದು ವಿಶ್ವವಿದ್ಯಾನಿಲಯದೊಡನೆ ಒಪ್ಪಂದವಿದ್ದು, ಎರಡು ಸ್ಥಾನಗಳ ಪ್ರಕಟಣೆ ನೋಟೀಸು ಬೋರ್ಡಿನ ಮೇಲೆ ತಿಂಗಳಿಂದ ತೂಗುತ್ತಿತ್ತು. ನಮ್ಮ ಮಕ್ಕಳು ಎಲ್ಲವನ್ನೂ ಓದುತ್ತಾರೆ, ನೋಟೀಸು ಬೋರ್ಡನ್ನು ಹೊರತುಪಡಿಸಿ.

ಒಪ್ಪಂದವಿದ್ದ ಮಾತ್ರಕ್ಕೆ ಎಲ್ಲವೂ ಸರಿಹೋಗದು. ಸ್ವಾಯತ್ತ ಕಾಲೇಜುಗಳಿಗೆ ತಮ್ಮದೇ ಅಧ್ಯಯನ ಮಂಡಳಿ, ತಮ್ಮದೇ ಪರೀಕ್ಷೆ ಇರುವುದರಿಂದ ಪರದೇಶದ ಅಂಕಗಳನ್ನು ಮಾನ್ಯಮಾಡುವುದು ಸುಲಭ. ವಿಶ್ವವಿದ್ಯಾನಿಲಯಕ್ಕೆ ಸಂಯೋಜಿತವಾದ ಸಾಮಾನ್ಯ ಕಾಲೇಜಿನಲ್ಲಿ ಪ್ರಾಂಶುಪಾಲರು ‘ಆಗಬಹುದು’ ಎಂದರೂ ತೀರ್ಮಾನ ವಿಶ್ವವಿದ್ಯಾನಿಲಯದ್ದು. ಬಾಯಿಮಾತಿನ ಒಪ್ಪಿಗೆಗೆ ಇಲ್ಲಿ ಬೆಲೆಯಿಲ್ಲ. ವಿದ್ಯಾರ್ಥಿ, ಇಲ್ಲಿಯ ಕಾಲೇಜು, ಅಲ್ಲಿಯ ವಿಶ್ವವಿದ್ಯಾನಿಲಯ ಈ ಮೂವರೂ ಸಹಿಮಾಡುವ ‘ಲರ್ನಿಂಗ್ ಅಗ್ರಿಮೆಂಟ್’ ಎಂಬ ಪತ್ರವಿದೆ. ಅಲ್ಲಿಯ ಯಾವ ವಿಷಯ ಇಲ್ಲಿಯ ಯಾವ ವಿಷಯಕ್ಕೆ ಸಮ ಎಂಬುದು ಅದರಲ್ಲಿ ದಾಖಲಾಗುತ್ತದೆ. ನಮ್ಮ ಅಭಿಪ್ರಾಯದಲ್ಲಿ ವೀಸಾಕ್ಕಿಂತಲೂ ಮುಖ್ಯವಾದ ಕಾಗದ ಇದೇ.

ಲೆಕ್ಕವನ್ನೂ ಗಮನಿಸಬೇಕು. ಯುರೋಪಿನ ಪದ್ಧತಿಯಲ್ಲಿ ಒಂದು ವರ್ಷಕ್ಕೆ 60 ಕ್ರೆಡಿಟ್, ಸೆಮಿಸ್ಟರಿಗೆ 30. ಯುಜಿಸಿ 2022ರಲ್ಲಿ ಪ್ರಕಟಿಸಿದ ಚೌಕಟ್ಟಿನಂತೆ ನಮ್ಮ ಮೂರು ವರ್ಷಗಳ ಪದವಿಗೆ ಕನಿಷ್ಠ 120, ಅಂದರೆ ಸೆಮಿಸ್ಟರಿಗೆ ಸುಮಾರು 20. ಅಲ್ಲಿಯ 30 ಇಲ್ಲಿಯ 30 ಆಗುವುದಿಲ್ಲ. ವಿಷಯಗಳೂ ಹಾಗೆಯೇ. ಅಂಕಿಅಂಶ ಶಾಸ್ತ್ರ, ವ್ಯವಹಾರ ನಿರ್ವಹಣೆ ಎಲ್ಲಿಯೂ ಕಲಿಯಲು ಸಿಗುತ್ತವೆ. ಭಾರತದ ಆದಾಯ ತೆರಿಗೆಯನ್ನು ವಾರ್ಸಾದಲ್ಲಿ ಯಾರು ಕಲಿಸುತ್ತಾರೆ? ಅಂಥ ವಿಷಯವನ್ನು ಮರಳಿದ ನಂತರ ಹೇಗೆ, ಯಾವಾಗ ಬರೆಯುವುದೆಂದು ಹೋಗುವ ಮೊದಲೇ ತೀರ್ಮಾನವಾಗಬೇಕು. ಜರ್ಮನಿಯ ಚಳಿಗಾಲದ ಸೆಮಿಸ್ಟರ್ ಅಕ್ಟೋಬರಿನಲ್ಲಿ ತೊಡಗಿ, ಪರೀಕ್ಷೆಗಳು ಫೆಬ್ರವರಿಯವರೆಗೂ ನಡೆಯುತ್ತವೆ. ಅಷ್ಟರಲ್ಲಿ ಇಲ್ಲಿ ಮುಂದಿನ ಸೆಮಿಸ್ಟರ್ ಆರಂಭವಾಗಿರುತ್ತದೆ. ಆ ದಿನಗಳ ಹಾಜರಾತಿಯ ವಿಷಯವೂ ಬರಹದಲ್ಲಿರಲಿ.

ಇವೆಲ್ಲಕ್ಕೂ ಕಾಲಾವಕಾಶ ಬೇಕು. ಐದನೆಯ ಸೆಮಿಸ್ಟರಿಗೆ ಹೋಗಬೇಕೆನ್ನುವವರು ಮೂರನೆಯ ಸೆಮಿಸ್ಟರಿನಲ್ಲಿಯೇ ಮಾತು ತೆಗೆಯಬೇಕು. ತೊಂಬತ್ತು ದಿನ ಮೀರಿದ ವಾಸಕ್ಕೆ ಪ್ರವಾಸಿಗಳ ಷೆಂಗೆನ್ ವೀಸಾ ಸಾಲದು. ಆಯಾ ದೇಶದ ದೀರ್ಘಾವಧಿ ವೀಸಾ ಬೇಕು, ಅದಕ್ಕೆ ವಾರಗಟ್ಟಲೆ ಹಿಡಿಯುತ್ತದೆ. ಇಂಗ್ಲಿಷಿಗೆ ಸಾಮಾನ್ಯವಾಗಿ ‘ಬಿ2’ ಮಟ್ಟ ಕೇಳುತ್ತಾರೆ.

ಕಾಗದಪತ್ರಗಳ ಪೈಕಿ ನಮ್ಮ ಜನರನ್ನು ವಿಶೇಷವಾಗಿ ಕಾಡುವುದು ಹೆಸರು. ದೀಕ್ಷಾಸ್ನಾನದ ಪುಸ್ತಕದಲ್ಲಿ ಮೂರು ಹೆಸರು, ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಒಂದು ಹೆಸರು ಮತ್ತು ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಕುಲನಾಮ ಮುಂದೆ. ಡಿಸೋಜ, ಡಿಸಿಲ್ವ, ಡಿಮೆಲ್ಲೊ ಮನೆತನಗಳಿಗಂತೂ ಇಂಗ್ಲಿಷಿನಲ್ಲಿ ‘ಡಿ’ ಅಕ್ಷರದ ತಲೆಯ ಬಳಿ ಕೂರುವ ಆ ಸಣ್ಣ ಚಿಹ್ನೆ ಒಂದು ಕಡೆ ಇದ್ದು, ಇನ್ನೊಂದು ಕಡೆ ಇಲ್ಲ. ಮತ್ತೊಂದು ಕಡೆ ಅದರ ಜಾಗದಲ್ಲಿ ಬಿಟ್ಟಸ್ಥಳ. ಪಾಸ್‌ಪೋರ್ಟಿನ ಕೆಳಭಾಗದಲ್ಲಿ ಯಂತ್ರ ಓದುವ ಎರಡು ಸಾಲುಗಳಿವೆಯಷ್ಟೆ, ಅಲ್ಲಿ ಅಂತರರಾಷ್ಟ್ರೀಯ ನಿಯಮದಂತೆ ಈ ಚಿಹ್ನೆ ಬಿಟ್ಟುಹೋಗಿ ಅಕ್ಷರಗಳು ಕೂಡಿಕೊಳ್ಳುತ್ತವೆ. ಅದರಿಂದ ಗಾಬರಿ ಬೇಡ. ಆದರೆ ಅಂಕಪಟ್ಟಿಗೂ ಪಾಸ್‌ಪೋರ್ಟಿಗೂ ಹೆಸರೇ ಬೇರೆಯಾದರೆ ತಿದ್ದುಪಡಿಗೆ ತಿಂಗಳುಗಳು ಬೇಕು. ವೀಸಾದ ಹಿಂದಿನ ವಾರ ದೇವಾಲಯದ ಕಚೇರಿಗೆ ಓಡಿಬಂದು ಪುಸ್ತಕ ತಿದ್ದಿಕೊಡಿರೆಂದು ಕೇಳುವವರಿದ್ದಾರೆ. ದೀಕ್ಷಾಸ್ನಾನದ ಪುಸ್ತಕವನ್ನು ಮನಬಂದಂತೆ ತಿದ್ದುವ ಅಧಿಕಾರ ನಮಗಿಲ್ಲ.

ಹಣದ ವಿಚಾರ. ಎರಾಸ್ಮಸ್ ಪ್ಲಸ್‌ನ 2021–2027ರ ಅವಧಿಯಲ್ಲಿ ನಮ್ಮಂಥ ದೇಶಗಳಿಂದ ಹೋಗುವವರಿಗೆ ದೇಶಕ್ಕನುಸಾರವಾಗಿ ತಿಂಗಳಿಗೆ 800ರಿಂದ 900 ಯೂರೊ ವಿದ್ಯಾರ್ಥಿವೇತನ ಗೊತ್ತುಮಾಡಿದ್ದಾರೆ. ಪ್ರಯಾಣಕ್ಕೆ ದೂರವನ್ನನುಸರಿಸಿ ಬೇರೆ ಸಹಾಯ. ವಿದ್ಯಾರ್ಥಿಗೆ ತಿಂಗಳಿಗೆ ಬೇಕಾಗುವ ಖರ್ಚೆಂದು ಜರ್ಮನ್ ಸರ್ಕಾರ 2024ರ ಸೆಪ್ಟೆಂಬರಿನಲ್ಲಿ ನಿಗದಿಪಡಿಸಿದ ಮೊತ್ತ 992 ಯೂರೊ. ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿರಿಸಿ ನೋಡಿದರೆ ಮನೆಯಿಂದಲೂ ಸ್ವಲ್ಪ ಬೇಕಾಗುವುದೆಂದು ತಿಳಿಯುತ್ತದೆ. ಮೇಲಾಗಿ ವಿದ್ಯಾರ್ಥಿವೇತನದ ಮೊದಲ ಕಂತು ಅನೇಕ ಬಾರಿ ಅಲ್ಲಿಗೆ ತಲುಪಿದ ಮೇಲೆಯೇ ಬರುತ್ತದೆ. ಟಿಕೇಟು, ವಿಮೆ, ಕೋಣೆಯ ಮುಂಗಡ, ಮೊದಲ ತಿಂಗಳ ಊಟ, ಇಷ್ಟನ್ನು ಕೈಯಲ್ಲಿಟ್ಟುಕೊಂಡೇ ಹೊರಡಬೇಕು. ಆಯ್ಕೆಯಾದ ದಿನವೇ ವಿಶ್ವವಿದ್ಯಾನಿಲಯದ ಮೂಲಕ ಕೋಣೆಗೆ ಅರ್ಜಿ ಹಾಕಲಿ. ಕಾಣದ ಮನೆಗೆ ಅಪರಿಚಿತರ ಖಾತೆಗೆ ಮುಂಗಡ ಕಟ್ಟುವುದು ಬೇಡ.

ಅರ್ಜಿಯೊಂದಿಗೆ ‘ನಾನೇಕೆ ಬರಬಯಸುತ್ತೇನೆ’ ಎಂಬ ಪತ್ರ ಬರೆಯಬೇಕಾಗುತ್ತದೆ. ತಿದ್ದಿಕೊಡಿರೆಂದು ಮಕ್ಕಳು ತಂದುಕೊಡುವ ಇಂಥ ಪತ್ರಗಳಲ್ಲಿ ಹೊಗಳಿಕೆಯೇ ಹೆಚ್ಚು: ತಮ್ಮದು ಜಗತ್ಪ್ರಸಿದ್ಧ ವಿದ್ಯಾಸಂಸ್ಥೆ, ಬಾಲ್ಯದ ಕನಸು, ಇತ್ಯಾದಿ. ಓದುವವರು ಇಂಥವನ್ನು ನೂರಾರು ಕಂಡಿರುತ್ತಾರೆ. ತಂದೆಯ ಅಂಗಡಿಯ ಲೆಕ್ಕವನ್ನು ತಾನೇ ಬರೆಯುವ ಹುಡುಗಿ ಅದನ್ನೇ ಬರೆಯಲಿ. ಸಣ್ಣ ವ್ಯಾಪಾರಗಳ ಹಣಕಾಸಿನ ಕುರಿತು ಅಲ್ಲಿ ಯಾವ ಪಾಠವಿದೆ, ಅದು ಇಲ್ಲಿ ಏಕೆ ಸಿಗದು ಎಂದು ಹೇಳಲಿ. ಅರ್ಧ ಪುಟ ಸಾಕು.

ಹೆತ್ತವರ ಇನ್ನೊಂದು ಭಯವನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ. ಮಗಳು ಒಬ್ಬಳೇ ಹೇಗಿರುತ್ತಾಳೆ, ಏನಾಗಿ ಮರಳುತ್ತಾಳೆ ಎಂಬುದು. ಆ ಭಯವನ್ನು ನಾವು ಹಗುರಾಗಿ ಕಾಣುವುದಿಲ್ಲ. ಡಿಸೆಂಬರಿನಲ್ಲಿ ಬರ್ಲಿನ್ ನಗರದಲ್ಲಿ ಸಂಜೆ ನಾಲ್ಕಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ಆ ಕತ್ತಲೆಯ ವಾರಗಳಲ್ಲಿ ಮನೆಯ ನೆನಪು ಬಾಧಿಸುವುದು ಸಹಜ. ಜರ್ಮನಿಯ ಅನೇಕ ವಿಶ್ವವಿದ್ಯಾನಿಲಯ ನಗರಗಳಲ್ಲಿ ಕಥೋಲಿಕ ವಿದ್ಯಾರ್ಥಿ ಸಮುದಾಯಗಳಿದ್ದು, ಬಲಿಪೂಜೆಯ ಜೊತೆಗೆ ಪರದೇಶದ ವಿದ್ಯಾರ್ಥಿಗಳ ಅಡಚಣೆಗಳನ್ನೂ ಅಲ್ಲಿ ವಿಚಾರಿಸುತ್ತಾರೆ. ವಿಳಾಸವನ್ನು ಹೋಗುವ ಮೊದಲೇ ಗುರುತುಹಾಕಿಕೊಳ್ಳಬಹುದು. ಹೆತ್ತವರು ದಿನಕ್ಕೆ ನಾಲ್ಕು ಸಲ ಫೋನು ಮಾಡದಿರುವುದೂ ಒಳ್ಳೆಯದು. ಭಾನುವಾರ ನಿಧಾನವಾಗಿ ಮಾತಾಡಿದರೆ ಮಕ್ಕಳು ಹೆಚ್ಚು ಹೇಳುತ್ತಾರೆ.

ಮರಳುವ ಹೊತ್ತಿಗೆ ಕೊನೆಯ ಕಾಗದವೊಂದು ಉಳಿದಿರುತ್ತದೆ. ಅಲ್ಲಿಯ ಫಲಿತಾಂಶ ಪ್ರಕಟವಾದ ಐದು ವಾರಗಳೊಳಗೆ ಅಧಿಕೃತ ಅಂಕಪಟ್ಟಿ ಬರಬೇಕೆಂಬುದು ಯೋಜನೆಯ ನಿಯಮ. ಅದು ಕಾಲೇಜಿನ ಯಾವ ಮೇಜಿಗೆ ಬರುತ್ತದೆ, ಯಾರು ಅದನ್ನು ಪರೀಕ್ಷಾ ವಿಭಾಗಕ್ಕೆ ಮುಟ್ಟಿಸುತ್ತಾರೆ ಎಂಬುದನ್ನು ವಿದ್ಯಾರ್ಥಿಯು ಹೊರಡುವ ಮೊದಲೇ ಕೇಳಿ ಬರೆದಿಟ್ಟುಕೊಳ್ಳಲಿ. ಪೋಲೆಂಡಿಗೆ ಅರ್ಜಿ ಹಾಕಿರುವ ನಮ್ಮ ಹುಡುಗಿ ಆ ಹೆಸರನ್ನು ಈಗಾಗಲೇ ಕೇಳಿಕೊಂಡು ಬಂದಿದ್ದಾಳೆ. ಆಯ್ಕೆಯ ಪಟ್ಟಿ ಇನ್ನೂ ಬಂದಿಲ್ಲ.